ಪಾಟಿ ಮೇಲೆ ಕೂರದ ಚರಣ್

೨೦೨೨ರಲ್ಲಿ ನಾನು ಬಂಗಾರಪೇಟೆ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಶಿಶುಪಾಲನಾ ಕೇಂದ್ರದಲ್ಲಿ ಮೇಲ್ವಿಚಾರಕಿಯಾಗಿದ್ದೆ. ಊರಿಗಾಂನ ಮನೆಯಿಂದ ಬಸ್ಸು ಹಿಡಿದು ಬಂದು ಎಂಟಕ್ಕೆಲ್ಲ ಬಾಗಿಲು ತೆಗೆಯಬೇಕು. ಎಂಟೂವರೆಗೆ ತಾಯಂದಿರ ಶಿಫ್ಟ್ ಶುರು. ಹತ್ತೊಂಬತ್ತು ವರ್ಷದ ಸರ್ವೀಸಿನಲ್ಲಿ ಎಷ್ಟೋ ಮಕ್ಕಳಿಗೆ ಡೈಪರ್ ಬಿಡಿಸಿ, ಕಕ್ಕ ಮಾಡಲು ಪ್ಲಾಸ್ಟಿಕ್ ಪಾಟಿ ಮೇಲೆ ಕೂರುವುದನ್ನು ಕಲಿಸಿದ್ದೆ. ಆ ಹಮ್ಮು ಧಾರಾಳವಾಗಿಯೇ ಇತ್ತು. ಅದನ್ನು ಇಳಿಸಿದವನು ಎರಡು ವರ್ಷ ಎಂಟು ತಿಂಗಳಿನ ಚರಣ್.

ಅವನ ತಾಯಿ ಪದ್ಮ ಕ್ಯಾಸಂಬಳ್ಳಿಯವಳು. ಹೊಲಿಗೆ ವಿಭಾಗಕ್ಕೆ ಹೊಸದಾಗಿ ಸೇರಿ ಪ್ರೊಬೇಷನ್‌ನಲ್ಲಿದ್ದಳು. ಅಂದರೆ ಮೂರು ತಿಂಗಳು ರಜೆ ಹಾಕದೆ ದುಡಿದರೆ ಮಾತ್ರ ಕೆಲಸ ಕಾಯಂ. ಗಂಡ ಗಾರೆ ಕೆಲಸಕ್ಕೆ ಊರೂರು ತಿರುಗುವವನು. ಮಗುವನ್ನು ಸಾಕುತ್ತಿದ್ದ ಅತ್ತೆ ಮುನಿಯಮ್ಮ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಚರಣ್ ನಮ್ಮಲ್ಲಿಗೆ ಬಂದ.

ಎರಡೂವರೆ ವರ್ಷ ದಾಟಿದ ಮಗು ಪಾಟಿ ಬಳಸಲೇಬೇಕು, ಮೂರು ವಾರದಲ್ಲಿ ಕಲಿಯದಿದ್ದರೆ ವಾಪಸ್ ಕಳಿಸಬೇಕು ಎಂಬುದು ನಮ್ಮ ಕೇಂದ್ರದ ನಿಯಮ. ಕಳಿಸುವ ಕಾಗದಕ್ಕೆ ಸಹಿ ಹಾಕಬೇಕಾದವಳು ನಾನೇ. ಚರಣ್ ಮೊದಲ ಎರಡು ವಾರ ನಿಂತಲ್ಲೇ ಚಡ್ಡಿಯಲ್ಲಿ ಮಾಡಿಕೊಂಡ. ನಾನು ಗದರಿದೆ. ಹಳದಿ ಪಾಟಿ ತಂದೆ, ಬಿಸ್ಕತ್ತು ತೋರಿಸಿದೆ, ಕೊನೆಗೆ ಭುಜ ಒತ್ತಿಹಿಡಿದು ಅರ್ಧ ಗಂಟೆ ಕೂರಿಸಿದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮೂರನೆಯ ವಾರ ಅವನು ಕಕ್ಕ ಮಾಡುವುದನ್ನೇ ನಿಲ್ಲಿಸಿಬಿಟ್ಟ.

ಒಂದು ದಿನ, ಎರಡು ದಿನ, ಮೂರು ದಿನ. ಒತ್ತಡ ಬಂದಾಗ ಗೋಡೆ ಹಿಡಿದು, ಕಾಲಿಗೆ ಕಾಲು ಹೆಣೆದು, ಬೆವರುತ್ತ ತಡೆದುಕೊಳ್ಳುತ್ತಿದ್ದ. ನಾಲ್ಕನೆಯ ದಿನ ಅನ್ನ ಮುಟ್ಟಲಿಲ್ಲ. ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಮಕ್ಕಳ ಡಾಕ್ಟರು ಮಲ ಮೆತ್ತಗಾಗಲು ಸಿರಪ್ ಕೊಟ್ಟರು. "ಮಗು ಬೇಕಂತಲೇ ತಡೀತಿದೆ, ಇದಕ್ಕೆ ವಿತ್‌ಹೋಲ್ಡಿಂಗ್ ಅಂತೀವಿ. ಸೋಮವಾರದೊಳಗೆ ಆಗದಿದ್ರೆ ಅಡ್ಮಿಟ್ ಮಾಡಿ" ಎಂದರು.

ಶನಿವಾರ ಸಂಜೆ ಪದ್ಮ ನನ್ನ ಕೈ ಹಿಡಿದುಕೊಂಡಳು.

"ಎಂಗಾನಾ ಮಾಡಿ ಮಿಸ್. ಆಸ್ಪತ್ರೆಗೆ ಸೇರ್ಸಿದ್ರೆ ಜತೀಗೆ ಇರೋರ್ಯಾರು? ರಜ ಆಕಿದ್ರೆ ಕೆಲ್ಸ ಓಯ್ತದೆ. ನಿನ್ನೆ ತಡೀಲಾರ್ದೆ ಒಡ್ದ್‌ಬಿಟ್ಟೆ ಮಿಸ್. ಒಡ್ದು ನಾನೂ ಅತ್ತೆ."

ನಾನು ಹೊಡೆದಿರಲಿಲ್ಲ, ಅಷ್ಟೇ. ಭುಜ ಒತ್ತಿದ ಈ ಕೈಗಳೇನು ಸಾಚಾ? ಸುಮ್ಮನೆ ಮಾತಿಗೆ, ಮೊದಲು ಊರಲ್ಲಿ ಇವನನ್ನು ಹೇಗೆ ಕೂರಿಸುತ್ತಿದ್ದಿರಿ ಎಂದು ಕೇಳಿದೆ.

"ನಂಗೊತ್ತಿಲ್ಲ ಮಿಸ್. ನಾನು ಕೂಲಿಗೆ ಓಗ್ತಿದ್ದೆ. ಎಲ್ಲಾ ನಮ್ಮತ್ತೇನೇ ನೋಡ್ಕೊಂತಿದ್ರು."

ಹತ್ತೊಂಬತ್ತು ವರ್ಷದ ಅನುಭವಸ್ಥೆಗೆ ಈ ಪ್ರಶ್ನೆ ಹೊಳೆದದ್ದು ಆರನೆಯ ದಿನ! ಮರುದಿನ ಭಾನುವಾರ, ಕ್ಯಾಸಂಬಳ್ಳಿಗೆ ಹೋದೆ.

ಮಂಚದ ಮೇಲಿದ್ದ ಮುನಿಯಮ್ಮ ಪಾಟಿಯ ಕಥೆ ಕೇಳಿ ನನ್ನನ್ನೇ ಬೈದಳು. "ಪಿಲಾಸ್ಟಿಕ್ ಡಬ್ಬಾ ಮ್ಯಾಲೆ ಯಾವ ಕೂಸು ಕೂತ್ಕಂತದೆ? ನಾನು ಇತ್ಲಲ್ಲಿ ಮಣೆ ಆಕ್ಕೊಂಡು ಕಾಲು ಚಾಚಿ ಕೂತ್ಕಂತಿದ್ದೆ. ನನ್ ಎಲ್ಡು ಪಾದದ ಮ್ಯಾಲೆ ಅವ್ನು. ಮೊಣಕಾಲ್ ಇಡ್ಕೊಂಡು, ಕತೆ ಕೇಳ್ತಾ ಮಾಡ್ತಿದ್ದ."

ನನ್ನ ಮಕ್ಕಳನ್ನು ನಾನೂ ಹಾಗೆಯೇ ಪಾದದ ಮೇಲೆ ಕೂರಿಸಿಕೊಂಡಿದ್ದೆ. ಟ್ರೈನಿಂಗ್ ಪುಸ್ತಕದಲ್ಲಿ ಇರಲಿಲ್ಲವೆಂದು ಮರೆತಿದ್ದೆ. ಆಮೇಲೆ ಮುನಿಯಮ್ಮನ ದನಿ ತಗ್ಗಿತು.

"ಅವತ್ತೂ ಅಂಗೇ ಕೂರ್ಸಿದ್ನಮ್ಮ. ತೊಳ್ದು ಎದ್ದೇಳ್ವಾಗ ಜಾರ್ಬಿಟ್ಟೆ. ಸೊಂಟ ಓಯ್ತು, ಕಿರಿಚ್ಕೊಂಡೆ. ಕೂಸು ನೋಡ್ತಾ ನಿಂತಿತ್ತು. ಅವತ್ತಿಂದ ನನ್ ತಾವ್ಕೇ ಬರಲ್ಲ."

ಸೋಮವಾರ ಬೆಳಿಗ್ಗೆ ಬಚ್ಚಲಿನಲ್ಲಿ ಪೇಪರ್ ಹಾಸಿ, ಮಣೆಯ ಮೇಲೆ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತೆ. ನನಗೆ ಆಗ ಐವತ್ತೇಳು. ಮಂಡಿ ಹೇಳಿದ ಮಾತು ಕೇಳುವುದಿಲ್ಲ. ಚರಣ್ ಬಾಗಿಲಲ್ಲೇ ನಿಂತ.

"ಬಿದ್ದೋಯ್ತೀಯ" ಎಂದ.

"ಬೀಳಲ್ಲ ಕಣಪ್ಪ. ಗೋಡೆಗೆ ಒರಗಿಕೊಂಡಿದ್ದೀನಿ. ಬೇಕಾದ್ರೆ ನೂಕಿ ನೋಡು."

ಹತ್ತಿರ ಬಂದು ಎರಡೂ ಕೈಯಿಂದ ನನ್ನ ಭುಜ ನೂಕಿದ. ಇನ್ನೊಮ್ಮೆ, ಜೋರಾಗಿ ನೂಕಿದ. ನಾನು ಅಲುಗಲಿಲ್ಲ. ಮೆಲ್ಲಗೆ ನನ್ನ ಪಾದದ ಮೇಲೆ ಕೂತ.

ನಲವತ್ತು ನಿಮಿಷ. ನನಗೆ ಗೊತ್ತಿದ್ದ ಕಾಗೆ ಗುಬ್ಬಿ ಕತೆಗಳೆಲ್ಲ ಮುಗಿದವು. ಕಾಲು ಜೋಮು ಹಿಡಿದು ಸತ್ತಂತಾಗಿತ್ತು. ಆಗ ಅವನು ಮೊಣಕಾಲಿಗೆ ಉಗುರು ಊರಿ ಚೀರಿದ. ನೋವಾಯಿತು, ಅತ್ತ, ನಾನೂ ಅತ್ತೆ. ಏಳು ದಿನದ್ದೆಲ್ಲ ಬಂತು. ಕಕ್ಕ ನೋಡಿ ದೇವರಿಗೆ ಕೈ ಮುಗಿದ ಮೇಲ್ವಿಚಾರಕಿ ನಾನೊಬ್ಬಳೇ ಇರಬೇಕು.

ಟೀ ಬಿಡುವಿನಲ್ಲಿ ಪದ್ಮ ಓಡಿಬಂದಳು. "ಆಯ್ತಾ ಮಿಸ್?" ಎಂದವಳು ಮಗುವನ್ನು ಬಾಚಿ ಎತ್ತಿಕೊಂಡು ಬಾಗಿಲಲ್ಲೇ ಅತ್ತಳು. ಬೆಲ್ ಹೊಡೆಯಿತು. ಕಣ್ಣೊರೆಸಿಕೊಂಡು ಮಿಷನ್ನಿಗೆ ಹೋದಳು. ಮೂರು ವಾರ ಮುಗಿದಿದ್ದರೂ ಕಳಿಸುವ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ; ಅವಳ ಕೆಲಸ ಕಾಯಂ ಆಯಿತು. ಚರಣ್‌ಗೆ ಪಾಟಿ ಒಗ್ಗಲು ಇನ್ನೂ ಎರಡು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ನನ್ನ ಪಾದವೇ ಗತಿ.

ಆಮೇಲೆ ನಿವೃತ್ತಿಯಾಗುವವರೆಗೂ, ಮಗುವನ್ನು ಸೇರಿಸಿಕೊಳ್ಳುವ ಮೊದಲು ನಾನು ಕೇಳುತ್ತಿದ್ದುದು ಇಷ್ಟೇ: ಇಷ್ಟು ದಿನ ಯಾರು ನೋಡಿಕೊಂಡರು, ಹೇಗೆ ನೋಡಿಕೊಂಡರು, ಈಗ ಅವರೇಕೆ ಇಲ್ಲ? ಕೂತು ಮಾಡಿದರೆ ಕೂರಿಸಿದವರು ಅಜ್ಜಿಯಂತೆ ಬೀಳುತ್ತಾರೆಂದು ಹೆದರಿ, ನಮ್ಮಲ್ಲಿ ಯಾರೂ ಬೀಳದಿರಲಿ ಎಂದು ಆ ಕೂಸು ಏಳು ದಿನ ನೋವು ಕಚ್ಚಿ ಹಿಡಿದಿತ್ತು. ಅದಕ್ಕೆ ನಾನು ಹಟ ಎಂದು ಹೆಸರಿಟ್ಟಿದ್ದೆ.