ಮಂಗಳವಾರದ ಭಜನೆ

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಪೀಣ್ಯದಲ್ಲಿ ಆಗ ಕುಡಿಯುವುದಕ್ಕೆ ಯಾರೂ ನಾಚುತ್ತಿರಲಿಲ್ಲ, ಬಿಡುವುದಕ್ಕೇ ನಾಚಿಕೆ. ಮಾಲೆ ಹಾಕಿಕೊಂಡು ಬೆಟ್ಟಕ್ಕೆ ಹೊರಟವರಿಗೆ ಮಾತ್ರ ಒಂದಷ್ಟು ದಿನ ಮಾಫಿ ಇತ್ತು. ಬೇರೆ ಯಾರಾದರೂ ಲೋಟ ಬೇಡವೆಂದರೆ "ಯಾಕ್ ಗುರು, ಹೆಂಡ್ತಿ ಹೊಡುದ್ಲಾ?" ಅನ್ನುತ್ತಿದ್ದರು. ನನ್ನ ಗಂಡ ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಶಿಫ್ಟ್ ಮುಗಿದರೆ ಸಾರಾಯಿ ಅಂಗಡಿ, ಅಲ್ಲಿ ಮುಗಿದರೆ ಮನೆ.

ಒಂದು ಬೆಳಿಗ್ಗೆ ಇವರ ಕೈ ಎಷ್ಟು ನಡುಗಿತೆಂದರೆ ಕಾಫಿ ಲೋಟ ತುಟಿಗೆ ಮುಟ್ಟಲಿಲ್ಲ. ಅದೇ ಕೈ ಇನ್ನು ಸ್ವಲ್ಪ ಹೊತ್ತಿಗೆ ತಿರುಗುವ ಲೇತಿನ ಮುಂದೆ ಇರಬೇಕಿತ್ತು. ಬೆರಳು ಹೋದಮೇಲೆ ತಲೆ ಚಚ್ಚಿಕೊಂಡು ಅಳುವವಳು ನಾನಲ್ಲ. ಅವತ್ತೇ ಸೆರಗು ಸಿಕ್ಕಿಸಿಕೊಂಡು ದವಾಖಾನೆಗೆ ಹೋದೆ.

"ಮಾತ್ರೆಗೆ ಹೋಗೋ ಕಾಯಿಲೆ ಅಲ್ಲ ಕಣಮ್ಮ" ಎಂದರು ಅಲ್ಲಿನ ನರ್ಸಮ್ಮ. "ಜಾಲಹಳ್ಳಿ ಕಡೆ ಚರ್ಚ್ ಹಿಂದೆ ಒಂದು ಸ್ಕೂಲಿದೆ. ಮಂಗಳವಾರ ಸಾಯಂಕಾಲ ಕುಡಿತ ಬಿಟ್ಟೋರು, ಬಿಡ್ಬೇಕು ಅನ್ನೋರು ಸೇರ್ತಾರೆ. ಕರ್ಕೊಂಡ್ ಹೋಗು."

"ಚರ್ಚಾ? ಜಾತಿ ಕೆಡಿಸ್ತೀಯೇನೆ?" ಎಂದು ಇವರು ರೇಗಿದರು.

"ಸಾರಾಯಿ ಅಂಗಡೀಲಿ ಜಾತಿ ಕೇಳಿ ಕೊಟ್ರಾ?" ಎಂದೆ. ಇವರು ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಒಂದನೇ ಕ್ಲಾಸಿನ ಕೋಣೆ. ಮಕ್ಕಳ ಪುಟ್ಟ ಬೆಂಚುಗಳ ಮೇಲೆ ಮೀಸೆ ಹೊತ್ತ ಗಂಡಸರು ಮಂಡಿ ಎದೆಗೆ ತಾಗಿಸಿಕೊಂಡು ಕೂತಿದ್ದರು. ಒಬ್ಬೊಬ್ಬರೂ ಹೆಸರು ಹೇಳಿ, "ನಾನೊಬ್ಬ ಕುಡುಕ" ಎಂದು ಶುರು ಮಾಡಿ ತಮ್ಮ ಕಥೆ ಹೇಳಬೇಕು. ಉಳಿದವರು ಕೇಳಬೇಕು ಅಷ್ಟೆ, ಬುದ್ಧಿ ಹೇಳುವಂತಿಲ್ಲ. ಬುದ್ಧಿ ಹೇಳದೆ ಬಾಯಿ ಮುಚ್ಚಿಕೊಂಡು ಕೂತ ಅಷ್ಟು ಜನ ಗಂಡಸರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾವು ಹೆಂಗಸರು ಹೊರಗಿನ ಜಗುಲಿಯಲ್ಲಿ ಕಾಯುತ್ತಿದ್ದೆವು. ಇವರ ಸರದಿ ಬಂದಾಗಲೆಲ್ಲ ತಲೆ ಅಲ್ಲಾಡಿಸಿ ಪಕ್ಕದವರಿಗೆ ದಾಟಿಸಿಬಿಡುತ್ತಿದ್ದರು. ಕಿಟಕಿಯಿಂದ ನೋಡಿ ನನಗೆ ಮೈ ಉರಿಯುತ್ತಿತ್ತು. ಆ ಗುಂಪಿನ ಹಿರಿಯರು, ಒಬ್ಬ ನಿವೃತ್ತ ಸುಬೇದಾರರು, "ಬರ್ತಾ ಇರ್ಲಿ ಬಿಡಮ್ಮ, ಬಾಯಿ ಬಿಟ್ಟ ದಿನ ಗೆಲ್ತಾನೆ" ಎಂದರು.

ಆದರೆ ಬರುತ್ತಾ ಇರುವುದಾದರೂ ಹೇಗೆ? ಒಂದು ವಾರ ಬೆಳಗಿನ ಶಿಫ್ಟ್, ಮುಂದಿನ ವಾರ ಮಧ್ಯಾಹ್ನದಿಂದ ರಾತ್ರಿಯವರೆಗಿನ ಸೆಕೆಂಡ್ ಶಿಫ್ಟ್. ಸಭೆ ತಪ್ಪಿದ ವಾರ ಇವರು ಮತ್ತೆ ಕುಡಿದು ಬಂದರು. ನಾನು ನೇರ ಫೋರ್‌ಮನ್ ಹತ್ತಿರ ಹೋದೆ. ಹಣೆ ತುಂಬ ವಿಭೂತಿ ಬಳಿದುಕೊಂಡ ಮನುಷ್ಯ. ನಿಜ ಹೇಳಿದರೆ ಇಡೀ ಶೆಡ್ಡು ನಗುತ್ತದೆ, ಇವರು ಆ ಬೆಂಚಿನ ಕಡೆ ತಲೆಯೇ ಹಾಕುವುದಿಲ್ಲ. ಅದಕ್ಕೇ "ಮಂಗಳವಾರ ನಮ್ಮೆಜಮಾನ್ರು ಭಜನೆಗೆ ಹೋಗ್ತಾರೆ ಸಾರ್" ಅಂದುಬಿಟ್ಟೆ. ಫೋರ್‌ಮನ್ ಕೈ ಮುಗಿದರು. ಅಂದಿನಿಂದ ಇವರಿಗೆ ಮಂಗಳವಾರ ಯಾವಾಗಲೂ ಬೆಳಗಿನ ಶಿಫ್ಟೇ.

ಆಯುಧಪೂಜೆ ಬಂತು. ಯಂತ್ರಗಳನ್ನು ತೊಳೆದು, ಕುಂಕುಮ ಹಚ್ಚಿ, ಲೇತಿಗೆ ಬಾಳೆಕಂದು ಕಟ್ಟಿದ್ದರು. ಹೆಂಡತಿ ಮಕ್ಕಳೆಲ್ಲ ಬಂದಿದ್ದೆವು. ಶೆಡ್ಡಿನ ಹಿಂದೆ ಬಾಟಲಿಗಳು ಕಾಯುತ್ತಿದ್ದವು. ಬೂದುಗುಂಬಳ ಒಡೆದಮೇಲೆ ಫೋರ್‌ಮನ್ ಎಲ್ಲರೆದುರು ಇವರನ್ನು ಕರೆದರು. "ಬಾರಪ್ಪ, ಒಂದು ಭಜನೆ ಹೇಳು. ಇಷ್ಟು ದಿನ ಕಲ್ತಿದೀಯಲ್ಲ!"

ಇವರಿಗೆ ಹಾಡು ಎಲ್ಲಿಂದ ಬರಬೇಕು? ಇವರು ನನ್ನ ಕಡೆ ನೋಡಿದರು, ಬಾಳೆಕಂದಿನ ಕಡೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಮೊದಲು ತಮ್ಮ ಹೆಸರು ಹೇಳಿದರು.

"ನಾನೊಬ್ಬ ಕುಡುಕ. ಭಜನೆಗಲ್ಲ ಸಾರ್, ಕುಡಿಯೋದು ಬಿಡೋಕ್ ಹೋಗ್ತೀನಿ."

ಶೆಡ್ಡು ನಕ್ಕಿತು. ವೆಲ್ಡರ್ ಒಬ್ಬನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಫೋರ್‌ಮನ್ ನಗಲಿಲ್ಲ, ಕೆಂಡವಾದರು. "ದೇವ್ರ ಹೆಸ್ರಲ್ಲಿ ಸುಳ್ಳಾ? ಇನ್ಮೇಲೆ ಎಲ್ರಿಗೂ ಹೆಂಗೋ ನಿನಗೂ ಹಂಗೇ ಶಿಫ್ಟು" ಎಂದು ಹೊರಟುಹೋದರು. ಅವತ್ತು ಇವರು ಶೆಡ್ಡಿನ ಹಿಂದಕ್ಕೆ ಹೋಗದೆ ನನ್ನ ಜೊತೆ ಮನೆಗೆ ನಡೆದರು. ನನಗಂತೂ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಮುಂದಿನ ಮಂಗಳವಾರ ಸೆಕೆಂಡ್ ಶಿಫ್ಟ್. ಸುಬೇದಾರರ ಮನೆ ಹುಡುಕಿಕೊಂಡು ಹೋಗಿ ನಡೆದದ್ದೆಲ್ಲ ಹೇಳಿದೆ. "ಅವನು ಬರೋಕಾಗಲ್ಲ ಅಂದ್ರೆ ನಾವ್ ಬರ್ತೀವಿ" ಎಂದರು. ರಾತ್ರಿ ಊಟದ ಬಿಡುವಿಗೆ ನಾನು ಡಬ್ಬಿ ಹಿಡಿದು ಗೇಟಿಗೆ ಹೋದಾಗ, ಅವರೂ ಗುಂಪಿನ ಇನ್ನೊಬ್ಬರೂ ಸೈಕಲ್ ತುಳಿದುಕೊಂಡು ಬಂದು ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಎದುರಿಗೇ ಸಾರಾಯಿ ಅಂಗಡಿ. ಇವರು ಡಬ್ಬಿಯನ್ನು ಬಿಚ್ಚದೆ ಅವರ ನಡುವೆ ಕೂತರು.

ಅಷ್ಟರಲ್ಲಿ ಪೂಜೆಯ ದಿನ ಹೊಟ್ಟೆ ಹಿಡಿದು ನಕ್ಕಿದ್ದ ಆ ವೆಲ್ಡರ್ ಗೇಟಿನಿಂದ ಹೊರಬಂದ. ಅಂಗಡಿ ಕಡೆ ನಾಲ್ಕು ಹೆಜ್ಜೆ ಹಾಕಿ ನಿಂತ. ಮತ್ತೆ ನಗಲು ಬಂದನೆಂದು ನಾನು ಮುಷ್ಟಿ ಬಿಗಿದೆ.

ಅವನು ಮೋರಿಯ ಹತ್ತಿರ ಬಂದು, ಇವರ ಮುಖ ನೋಡದೆ, "ಸ್ವಲ್ಪ ಸರ್ಕೊಳಣ್ಣ" ಎಂದ.