ಡಬ್ಬಿಗೊಂದು ಕವದಿ

ಹಳಿಯಾಳದ ಹತ್ತಿರದ ಸಿದ್ದಿ ಓಣಿಯ ಕಾತರಿನಾ ಹಳೇ ಸೀರೆ, ಅಂಗಿಗಳ ತುಂಡು ಸೇರಿಸಿ ಕವದಿ ಹೊಲಿಯುತ್ತಾಳೆ. ಹೊಲಿದದ್ದಕ್ಕೆಲ್ಲ ಒಂದು ಫೋಟೊ ಆಗಲೇಬೇಕು. ಮನೆಯವರ ಮೊಬೈಲುಗಳೆಲ್ಲ ಹೀಗೆ ಕವದಿಗಳಿಂದಲೇ ತುಂಬಿಹೋದಾಗ ಸೊಸೆ ಫಿಲೋಮಿನಾ ಎಲ್ಲರ ಫೋಟೊ ಒಂದೇ ಕಡೆ ಕೂಡಿಡಲು ವೈಫೈಗೆ ಜೋಡಿಸುವ ಸ್ಟೋರೇಜ್ ಡಬ್ಬಿ ತರಿಸಲು ಹೊರಟಳು. ಒಂದೇ ಡಿಸ್ಕಿನದು ಸಾಕೆಂದರೆ ಅತ್ತೆ ಒಪ್ಪಲಿಲ್ಲ.

"ಒಂದು ಕೆಟ್ರ ನನ್ನ ಕವದಿ ಎಲ್ಲಿ ಹುಡುಕ್ಲಿ? ಎರಡಿರೂದನ್ನ ತರಿಸು."

ಎರಡು ಡಿಸ್ಕಿನ ಡಬ್ಬಿ ಬಂತು. ಫೋಟೊಗಳನ್ನೆಲ್ಲ ಅದಕ್ಕೆ ತುಂಬಿದ ಮೇಲೆ ಯಾರ ಮೊಬೈಲಿನಲ್ಲಿ ನೋಡಿದರೂ ಎಲ್ಲ ಫೋಟೊಗಳೂ ಕಂಡವು. ಕಾತರಿನಾ ಎಷ್ಟು ಹಿಗ್ಗಿದಳೆಂದರೆ, ಹುಟ್ಟಿದ ಕೂಸಿಗೆ ಹೊಲಿಯುವಂಥ ಪುಟ್ಟ ಕವದಿ ಹೊಲಿದು, ನಾಲ್ಕೂ ಮೂಲೆಗೆ ಬಟ್ಟೆಯ ಹೂವಿಟ್ಟು, ಡಬ್ಬಿಗೆ ಹೊದಿಸಿಯೇಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಅದು ಹೆಂಚಿನಂತೆ ಕಾದು, ಕಿರುಚಿ, ಬಂದ್ ಆಯಿತು.

"ಅತ್ತಿ, ಇದಕ್ಕ ಗಾಳಿ ಆಡಬೇಕ್ರಿ! ಕವದಿ ತಗೀರಿ," ಎಂದಳು ಫಿಲೋಮಿನಾ.

"ನಮ್ಮನಿಗೆ ಬಂದದ್ದನ್ನ ಬರೀ ಮೈಯಾಗ ಕುಂದ್ರಸ್ಲೇನು?"

ಕಾತರಿನಾ ಮುಖ ಊದಿಸಿಕೊಂಡೇ ಕವದಿ ತೆಗೆದಳು. ಆಮೇಲೆ ತಣ್ಣಗಾದ ಡಬ್ಬಿಯನ್ನು ಎತ್ತಿ, ಕವದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಹಾಸಿದಳು. ಹೂವುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಫಿಲೋಮಿನಾ ಗುಂಡಿ ಒತ್ತಿದಾಗ ಹಸಿರು ದೀಪ ಹತ್ತಿತು.

"ಹೊದಿಯಾಕ ಒಲ್ಲೆ ಅಂತಿತ್ತು, ಹಾಸಾಕ ಬೇಕಾಗಿತ್ತು ನೋಡು," ಎಂದ ಕಾತರಿನಾ ಅದರದೂ ಒಂದು ಫೋಟೊ ಹೊಡೆದು, ಆ ಡಬ್ಬಿಯೊಳಗೇ ಇಟ್ಟಳು.