ತಪ್ಪು ಉತ್ತರಕ್ಕೆ ಹೆದರುತ್ತಿದ್ದ ಮೇಷ್ಟ್ರು

ಎಸ್ಸೆಸ್ಸೆಲ್ಸಿ ರಿಸಲ್ಟಿನ ಹಿಂದಿನ ದಿನವೂ ಮೇಷ್ಟ್ರು ಎಂದಿನಂತೆ ಎರಡು ಕಂಪ್ಯೂಟರುಗಳ ಡಬ್ಬಿಗೂ ಕೈಯ ಹಿಂಬದಿ ತಾಗಿಸಿ, ಮಗುವಿನ ಜ್ವರ ನೋಡುವಂತೆ ಬಿಸಿ ನೋಡಿದರು. ಅವರ ಮಣಿಕಟ್ಟಿನಲ್ಲಿ ಬೆಸುಗೆ ಹಾಕುವಾಗ ಸುಟ್ಟ ಮೂರು ಕಲೆಗಳಿದ್ದವು. "ಇಬ್ಬರೂ ಆರಾಮ. ಚಾ ಕುಡಿಯುವ ಬಾ" ಎಂದು ನನ್ನನ್ನು ಕರೆದರು.

ಕೊಪ್ಪದ ಕಂಪ್ಯೂಟರ್ ಸೆಂಟರೊಂದರಲ್ಲಿ ಅವರು ಕಲಿಸುತ್ತಿದ್ದರು. ನಾನು ಅವರ ಕೈಕೆಳಗಿದ್ದೆ. ಸುತ್ತಲಿನ ಶಾಲೆಗಳ ಫಲಿತಾಂಶವನ್ನು ನಮ್ಮ ವೆಬ್‌ಸೈಟಿಗೆ ಹಾಕುತ್ತಿದ್ದೆವು. ಶೃಂಗೇರಿ, ನರಸಿಂಹರಾಜಪುರ, ಬಾಳೆಹೊನ್ನೂರಿನ ಬ್ರೌಸಿಂಗ್ ಸೆಂಟರುಗಳಿಂದ ಒಮ್ಮೆಲೇ ನುಗ್ಗುವವರನ್ನು ಎರಡು ಕಂಪ್ಯೂಟರುಗಳಿಗೆ ಹಂಚುವ ಸ್ಕ್ರಿಪ್ಟನ್ನು, ಅಂದರೆ ಪುಟ್ಟ ಪ್ರೋಗ್ರಾಮನ್ನು, ಮೇಷ್ಟ್ರೇ ಬರೆದಿದ್ದರು. ಹಂಚುವ ಮೊದಲು ಅದು ಪ್ರತಿ ಸಲ, ಅಂಕ ನಮಗೆ ಮೊದಲೇ ಗೊತ್ತಿರುವ ಒಂದು ರಿಜಿಸ್ಟರ್ ನಂಬರು ಕೊಟ್ಟು ಆ ಕಂಪ್ಯೂಟರಿಗೆ ಅದರ ಅಂಕ ಕೇಳುತ್ತಿತ್ತು. ಸರಿಯುತ್ತರ ಬಂದರಷ್ಟೇ ಜನರನ್ನು ಅತ್ತ ಬಿಡುತ್ತಿತ್ತು.

"ಸತ್ತ ಮಷೀನಿಗೆ ಹೆದರಬೇಡ ಮಾರಾಯ, ಅದು ಸುಮ್ಮನಿರ್ತದೆ. ಬದುಕಿದ್ದು ಸುಳ್ಳು ಹೇಳ್ತದಲ್ಲ, ಅದಕ್ಕೆ ಹೆದರು" ಅನ್ನುತ್ತಿದ್ದರು.

ಮರುದಿನ ರಿಸಲ್ಟು ಬಿಟ್ಟ ಮೇಲೆ ಅವರು ತಿಂಡಿಗೆ ಹೋದಾಗ ಸೆಂಟರಿನ ಮಾಲೀಕರು ಬಂದರು. "ಪೇಜ್ ನಿಧಾನ ಅಂತ ಫೋನ್ ಮೇಲೆ ಫೋನ್. ಅದೆಂತದೋ ಪರೀಕ್ಷೆ ಹಾಕಿದಾರಲ್ಲ, ತೆಗಿ ಅದನ್ನ."

ಸ್ಕ್ರಿಪ್ಟಿನಿಂದ ಅಂಕ ಕೇಳಿ ನೋಡುವ ಆ ಸಾಲು ತೆಗೆದೆ. ಮೇಷ್ಟ್ರಿಗೆ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕರೆಂಟು ಹೋಗಿ ಬಂತು. ಎರಡನೆಯ ಕಂಪ್ಯೂಟರ್ ಎದ್ದಿತು, ಅಂಕಗಳ ಫೈಲು ಮಾತ್ರ ತೆರೆಯಲಿಲ್ಲ. ಕೇಳಿದವರಿಗೆಲ್ಲ ಅದು "ಈ ನಂಬರ್ ಪಾಸಾದವರ ಪಟ್ಟಿಯಲ್ಲಿಲ್ಲ" ಎಂದಿತು. ಸ್ಕ್ರಿಪ್ಟ್ ಅದನ್ನೂ ಉತ್ತರವೆಂದೇ ನಂಬಿ ಜನರನ್ನು ಕಳಿಸುತ್ತಲೇ ಹೋಯಿತು.

ಮಧ್ಯಾಹ್ನ ಮೇಗುಂದದಿಂದ ಹುಡುಗಿಯೊಬ್ಬಳ ತಂದೆ ಬಂದರು. "ಹೆಡ್‌ಮಾಸ್ಟ್ರು ಪಾಸು ಅಂತಾರೆ, ನಿಮ್ಮ ಡಬ್ಬಿ ಇಲ್ಲ ಅಂತದೆ. ಮಗಳು ಚಿಲಕ ಹಾಕ್ಕೊಂಡು ಕೂತಿದಾಳೆ. ಯಾವನೋ ಇದನ್ನ ಮಾಡಿದ್ದು?"

"ಬರೆದವರು ಇವರೇ" ಎಂದು ಮಾಲೀಕರು ಕೈ ತೋರಿಸಿದರು. ಆ ಮನುಷ್ಯ ಮೇಷ್ಟ್ರ ಕೊರಳಪಟ್ಟಿ ಹಿಡಿದ. ಮೇಷ್ಟ್ರು ಪರದೆಯತ್ತ ಬಗ್ಗಿ, ಸಾಲು ಇಲ್ಲದ್ದನ್ನು ಕಂಡು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ.

"ತಪ್ಪಾಯ್ತು ಗೌಡ್ರೆ. ಮೊದಲು ಮಗಳಿಗೆ ಫೋನ್ ಮಾಡುವ, ಬನ್ನಿ" ಅಂದರು. ಪಾಸೆಂದು ಕೇಳಿ ಹುಡುಗಿ ಚಿಲಕ ತೆಗೆದಳು.

ಮುಂದಿನ ವಾರ ಮಾಲೀಕರು ಮೇಷ್ಟ್ರನ್ನು ಕೆಲಸದಿಂದ ಬಿಡಿಸಿದರು. ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು, ನಾನು ಕೂತೆ. ಆಮೇಲೆ ಊರಿನಲ್ಲಿ ಯಾರೂ ಅವರಿಗೆ ಕೆಲಸ ಕೊಡಲಿಲ್ಲ. ಎದುರು ಸಿಕ್ಕಾಗಲೂ ಅವರು ಆ ವಿಷಯ ಎತ್ತಲಿಲ್ಲ. ಎರಡು ವರ್ಷಕ್ಕೆ ಕಾಮಾಲೆಯಲ್ಲಿ ತೀರಿಕೊಂಡರು.

ಸಾವಿನ ಮನೆಯಂಗಳದಲ್ಲಿ ಒಬ್ಬರು, "ಯಾರು, ಆ ಮಕ್ಕಳನ್ನ ಫೇಲು ಮಾಡಿದ ಮೇಷ್ಟ್ರಾ?" ಎಂದು ಕೇಳಿದರು. ಬಾಗಿಲಲ್ಲಿ ಕೂತಿದ್ದ ಅವರ ಹೆಂಡತಿ ತಲೆಯೆತ್ತಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆ ಸಾಲು ತೆಗೆದವನು ನಾನೆಂದು ಆಕೆಗೆ ಇನ್ನೂ ಗೊತ್ತಿಲ್ಲ.